ಅರೆ ಸೆಕೆಂಡಿನ ಬೆನ್ನು ಹತ್ತಿದ ಲೊರೆನ್

ಲೊರೆನ್ ಹವೆಲ್ಕಾ ಚರ್ಚಿನಲ್ಲಿ ಕೂರುವುದು ಕೊನೆಯ ಬೆಂಚಿನ ತುದಿಯಲ್ಲಿ. ಭಕ್ತಿ ಕಡಿಮೆ ಎಂದಲ್ಲ. ಅವನ ಬಲಗಾಲು ಸದಾ ಕುಣಿಯುತ್ತಿರುತ್ತದೆ, ಬೆಂಚಿನಲ್ಲಿ ಕೂತವರೆಲ್ಲ ಅದರ ಜೊತೆಗೆ ನಡುಗಬೇಕಾಗುತ್ತದೆ. ಮದುವೆಯಾದ ಹೊಸತರಲ್ಲೇ ಹೆಂಡತಿ ಆರ್ಲಿಸ್ ಅವನನ್ನು ಹಿಂದಕ್ಕೆ ಸಾಗಿಸಿದ್ದಳು.

ನೆಬ್ರಾಸ್ಕಾದ ವಿಲ್ಬರ್ ಊರಿನಾಚೆ ಧಾನ್ಯ ಸಹಕಾರ ಸಂಘದ ರಿಪೇರಿ ಶೆಡ್ಡಿನಲ್ಲಿ ಅವನದು ಮೂವತ್ತೆರಡು ವರ್ಷದ ಕೆಲಸ. ಮೆಕ್ಕೆಜೋಳದ ಕಟಾವಿನ ಹೊತ್ತಿನಲ್ಲಿ ಯಂತ್ರ ಕೆಟ್ಟು ನಿಂತರೆ ರೈತರು ಮೊದಲು ಫೋನ್ ಮಾಡುವುದು ಅವನಿಗೇ. ವ್ಯಾನಿನಿಂದ ಕಾಲು ಕೆಳಗಿಡುವ ಮೊದಲೇ ಅವನ ಕೈಯಲ್ಲಿ ಸ್ಪ್ಯಾನರ್ ಇರುತ್ತದೆ. ಮೋಡ ಕವಿಯುತ್ತಿರುವಾಗ ರೈತರಿಗೆ ಬೇಕಾದದ್ದೂ ಅಂಥ ಆತುರವೇ. ಹೀಗಾಗಿ ಬಾಯಿ ತುಂಬ ಹೊಗಳಿಸಿಕೊಂಡು, ಕಾಯುವುದನ್ನು ಕಲಿಯದೆಯೇ ಅವನು ಅರವತ್ತೊಂದಕ್ಕೆ ಬಂದಿದ್ದ.

ಅಂಥವನ ಗಂಟಲಿಗೆ ಸಿಕ್ಕಿಕೊಂಡದ್ದು ಒಂದು ಹಳೇ ಟರ್ಬೊ ಕಾರು.

ತಿಂಗಳಿಗೊಂದು ಭಾನುವಾರ ಲಿಂಕನ್ ಹೊರವಲಯದ ಹಳೇ ವಾಯುನೆಲೆಯ ಕಾಂಕ್ರೀಟಿನ ಮೇಲೆ ಕಿತ್ತಳೆ ಬಣ್ಣದ ಕೋನ್‌ಗಳನ್ನು ನೆಟ್ಟು ದಾರಿ ಮಾಡುತ್ತಾರೆ. ಸ್ವಲ್ಪ ಸ್ವಲ್ಪ ಅಂತರದಲ್ಲಿ ಹೊರಟು, ಒಂದೊಂದಾಗಿ ಕಾರುಗಳು ಅವುಗಳ ನಡುವೆ ನುಸುಳಿ ಬರಬೇಕು. ಪ್ರತಿಯೊಬ್ಬರಿಗೂ ಮೂರು ಓಟ, ಅದರಲ್ಲಿ ಒಳ್ಳೆಯದು ಲೆಕ್ಕಕ್ಕೆ. ಕೋನ್ ಬಿದ್ದರೆ ಎರಡು ಸೆಕೆಂಡು ದಂಡ. ಲೊರೆನ್, ಆರ್ಲಿಸ್ ಇಬ್ಬರೂ ಒಂದೇ ಕಾರನ್ನು ಸರದಿಯ ಮೇಲೆ ಓಡಿಸುತ್ತಿದ್ದರು. ಅವಳು ಹೆಂಗಸರ ಪಟ್ಟಿಯಲ್ಲಿ, ಇವನು ಗಂಡಸರದ್ದರಲ್ಲಿ.

ಆ ಕಾರಿನ ತೊಂದರೆ ಇಷ್ಟೆ. ಎಂಜಿನ್ನಿನ ಹೊಗೆಯೇ ಟರ್ಬೊದ ಪುಟ್ಟ ಚಕ್ರವನ್ನು ತಿರುಗಿಸಬೇಕು, ಆ ಚಕ್ರ ತಿರುಗಿ ಎಂಜಿನ್ನಿಗೆ ಗಾಳಿ ತುರುಕಬೇಕು, ಆಮೇಲೆ ಶಕ್ತಿ. ಎಕ್ಸಲರೇಟರ್ ಒತ್ತಿದ ಮೇಲೆ ಅರೆ ಸೆಕೆಂಡು ಏನೂ ಆಗುವುದಿಲ್ಲ. ನಂತರ ಎಲ್ಲವೂ ಒಟ್ಟಿಗೆ ಆಗುತ್ತದೆ. ಹೆದ್ದಾರಿಯಲ್ಲಿ ಅದು ಯಾರ ಗಮನಕ್ಕೂ ಬರದು. ಹತ್ತು ಹೆಜ್ಜೆಗೊಂದು ತಿರುವಿರುವ ಕಡೆ ಶಕ್ತಿ ಬರುವಷ್ಟರಲ್ಲಿ ತಿರುವೇ ಮುಗಿದಿರುತ್ತದೆ.

ದನ ಸಾಕುವ ಡೆಲ್ವಿನ್ ಕ್ರೆಪೆಲಾನ ಪುಟ್ಟ ಕಾರಿಗೆ ಟರ್ಬೊ ಇಲ್ಲ, ಹಾಗಾಗಿ ಕಾಯುವ ಗೋಜೂ ಇಲ್ಲ. ಹನ್ನೊಂದು ವರ್ಷ, ವರ್ಷದ ಪಂದ್ಯಗಳ ಅಂಕ ಕೂಡಿಸಿ ಕೊಡುವ ಗಂಡಸರ ಕಪ್ ಹೋದದ್ದು ಅವನ ಮನೆಗೆ. ಹನ್ನೊಂದು ವರ್ಷವೂ ಎರಡನೆಯವನು ಲೊರೆನ್.

"ಏನಯ್ಯಾ, ನಿನ್ ಗಾಡಿ ಇನ್ನೂ ಯೋಚ್ನೆ ಮಾಡ್ತಾನೇ ಇದ್ಯಾ?" ಎಂದು ಡೆಲ್ವಿನ್ ಪ್ರತಿ ಸಲ ಕೇಳುತ್ತಿದ್ದ. "ಅದು ಒಂದು ತೀರ್ಮಾನಕ್ಕೆ ಬರೋಷ್ಟ್ರಲ್ಲಿ ನಾನು ಎರಡು ಕರು ಹುಟ್ಟಿಸಿ ಬರ್ತೀನಿ."

ಲೊರೆನ್ ಎಲ್ಲ ಚಳಿಗಾಲವನ್ನೂ ಗ್ಯಾರೇಜಿನಲ್ಲೇ ಕಳೆಯುತ್ತಿದ್ದ. ಮನೆಯ ಮುಂದಿನ ಜಗಲಿಯ ಹಲಗೆಗಳು ಕೊಳೆತು, ಅಂಚೆಯವನು ಹುಲ್ಲಿನ ಮೇಲೆ ನಿಂತೇ ಕಾಗದ ಚಾಚುವಂತಾಗಿತ್ತು. ಹನ್ನೊಂದನೇ ಕಪ್ ಹೋದ ಮೇಲಿನ ನವೆಂಬರಿನಲ್ಲಿ ಆರ್ಲಿಸ್ ಅಡುಗೆಮನೆಯಲ್ಲಿ ಕೊಲಾಚೆ ಎಂಬ ಸಿಹಿ ಬನ್ನುಗಳಿಗೆ ಗಸಗಸೆ ಹೂರಣ ತುಂಬುತ್ತ, ತಲೆ ಎತ್ತದೆ ತನ್ನ ತೀರ್ಮಾನ ಹೇಳಿದಳು.

"ಇದೊಂದು ಚಳಿಗಾಲ ಕೊಡ್ತೀನಿ. ಮುಂದಿನ ಅಕ್ಟೋಬರ್‌ಗೆ ಡೆಲ್ವಿನ್‌ನ ಸೋಲಿಸ್ಲಿಲ್ಲಾ ಅಂದ್ರೆ, ಆ ಬಾನೆಟ್ ಕೆಳಗೆ ನಿನ್ ಕೈ ಹೋಗ್ಕೂಡ್ದು. ಜಗಲಿ ಕಟ್ಟು."

ಅವನು ಒಪ್ಪಿದ. ಒಪ್ಪುವಾಗಲೂ ಕಾಲು ಕುಣಿಯುತ್ತಿತ್ತು.

ಆ ಚಳಿಗಾಲ ಅವನು ಯಾವುದನ್ನೂ ಬಿಡಲಿಲ್ಲ. ಗಾಳಿಯ ಕೊಳವೆಗಳಿಗೆ ಪಂಪಿನಿಂದ ಗಾಳಿ ತುಂಬಿಸಿ, ಜೋಡಣೆಗಳ ಮೇಲೆಲ್ಲ ಸಾಬೂನು ನೀರು ಸವರಿದ. ಎಂದೂ ಕಣ್ಣಿಗೆ ಬೀಳದಿದ್ದ ಒಂದು ರಬ್ಬರ್ ಕೊಳವೆಯ ಹಿಂಬದಿಯಲ್ಲಿ ಸಣ್ಣ ಗುಳ್ಳೆಗಳೆದ್ದವು. ಹನ್ನೊಂದು ವರ್ಷ ಅಲ್ಲಿಂದ ಗಾಳಿ ಸೋರುತ್ತಿತ್ತೆಂದು ತಿಳಿದು ಅವನು ಹೊರಗೆ ಹೋಗಿ ಹಿಮದಲ್ಲಿ ಎರಡು ಸುತ್ತು ನಡೆದು ಬಂದ. ದೊಡ್ಡ ಟರ್ಬೊ ತೆಗೆದು, ಬೇಗ ತಿರುಗುವ ಚಿಕ್ಕದನ್ನು ಕೂರಿಸಿದ. ಮೇಲಿನ ವೇಗ ಸ್ವಲ್ಪ ಹೋಯಿತು, ಕೋನ್‌ಗಳ ನಡುವೆ ಅದು ಯಾರಿಗೂ ಬೇಕಿರಲಿಲ್ಲ. ಸುತ್ತಿ ಬಳಸಿ ಹೋಗುತ್ತಿದ್ದ ಕೊಳವೆಗಳನ್ನು ಕತ್ತರಿಸಿ ಗಿಡ್ಡ ಮಾಡಿದ. ಹೊಗೆ ತಣ್ಣಗಾಗಿ ಸೊರಗದಿರಲೆಂದು, ಎಂಜಿನ್ನಿನಿಂದ ಟರ್ಬೊಗೆ ಹೋಗುವ ಕೊಳವೆಗೆ ಶಾಖ ತಡೆಯುವ ಪಟ್ಟಿ ಸುತ್ತಿದ. ಮಾರ್ಚಿನಲ್ಲಿ ಕಾರು ಹೊರಗೆ ತೆಗೆದು ಒತ್ತಿದರೆ, ಒತ್ತಿದ ಕೂಡಲೇ ಶಕ್ತಿ ಬಂತು.

ಏಪ್ರಿಲಿನ ಮೊದಲ ಪಂದ್ಯದಲ್ಲಿ ಅವನು ಒಂಬತ್ತು ಕೋನ್ ಬೀಳಿಸಿದ.

ಕಾರು ಸರಿಯಾಗಿತ್ತು, ಕಾಲು ಸರಿಯಾಗಿರಲಿಲ್ಲ. ಹನ್ನೊಂದು ವರ್ಷ ಆ ಅರೆ ಸೆಕೆಂಡನ್ನು ಸರಿದೂಗಿಸಲು ಅವನು ತಿರುವಿನ ಮಧ್ಯಕ್ಕೆ ಮೊದಲೇ ಒತ್ತುವುದನ್ನು ರೂಢಿ ಮಾಡಿಕೊಂಡಿದ್ದ. ಈಗ ಶಕ್ತಿ ತಿರುವಿನ ಮಧ್ಯದಲ್ಲೇ ಬಂದು, ಮೂತಿ ಹೊರಕ್ಕೆ ಜಾರಿ, ಹೊರಸಾಲಿನ ಕೋನ್‌ಗೆ ಬಡಿಯುತ್ತಿತ್ತು. ಅದೇ ಕಾರಿನಲ್ಲಿ ಆರ್ಲಿಸ್ ಒಂದನ್ನೂ ಮುಟ್ಟದೆ ಬಂದಳು.

ಬೇಸಿಗೆಯಿಡೀ ಅವಳು ಪಕ್ಕದಲ್ಲಿ ಕೂತು ಅವನ ಕಾಲನ್ನು ತಡೆದಳು. ಪ್ರತಿ ತಿರುವಿನಲ್ಲೂ ಒಂದೇ ಮಾತು: "ಇನ್ನೂ ಇಲ್ಲ." ಜೂನಿನಲ್ಲಿ ಕೋನ್ ಮೂರಕ್ಕಿಳಿಯಿತು, ಆಗಸ್ಟಿನಲ್ಲಿ ಒಂದೂ ಇಲ್ಲ. ಸೆಪ್ಟೆಂಬರ್ ಮುಗಿಯುವಾಗ ಲೊರೆನ್ ಮತ್ತು ಡೆಲ್ವಿನ್‌ರ ಅಂಕ ಸಮ. ಅಕ್ಟೋಬರಿನ ಕೊನೆಯ ಪಂದ್ಯದಲ್ಲಿ ಯಾರು ಮುಂದೋ ಅವರಿಗೆ ಕಪ್.

ಆ ಬೆಳಿಗ್ಗೆ ಡೆಲ್ವಿನ್‌ನ ಒಂದು ಹಸು ಕಷ್ಟಪಟ್ಟು ಈಯಿತು. ಅವನು ತಡವಾಗಿ ಬಂದದ್ದರಿಂದ ಎರಡನೇ ಗುಂಪಿನ ಸರದಿಗೆ ಹಾಕಿದರು. ಲೊರೆನ್‌ನದು ಮೊದಲನೆಯದು. ಎರಡು ಓಟಗಳ ನಡುವೆ ಆರ್ಲಿಸ್ ಬಾನೆಟ್ ಎತ್ತಿ ಗಾಳಿ ತಣಿಸುವ ಜಾಲರಿಯ ಮೇಲೆ ಐಸಿನ ಚೀಲವಿಡುತ್ತಿದ್ದಳು. ಅವನು ಚಕ್ರಗಳ ಗಾಳಿಯನ್ನು ಆರು ಸಲ ನೋಡಿದ. ಮೂರನೇ ಓಟದಲ್ಲಿ ಅವನು ಪ್ರತಿ ತಿರುವಿಗೂ ಬಾಯಿಬಿಟ್ಟೇ "ಇನ್ನೂ ಇಲ್ಲ" ಎಂದುಕೊಂಡ. ನಲವತ್ತಾರು ಪಾಯಿಂಟ್ ಒಂಬತ್ತು ಸೆಕೆಂಡು. ಅವನ ಜೀವಮಾನದಲ್ಲೇ ಒಳ್ಳೆಯ ಸಮಯ.

ಅಲ್ಲಿ ಓಡಿಸಿದವರೆಲ್ಲ ಇನ್ನೊಂದು ಸರದಿಯಲ್ಲಿ ದುಡಿಯಲೇಬೇಕು. ಕಾಂಕ್ರೀಟಿನ ಮೇಲೆ ನಿಂತು, ಬಿದ್ದ ಕೋನ್ ಎತ್ತಿಟ್ಟು, ವಾಕಿಟಾಕಿಯಲ್ಲಿ ದಂಡ ಹೇಳಬೇಕು. ಎದುರಾಳಿಯ ಓಟವಾದರೂ ಸರಿ. ಪ್ರತಿ ಕೋನ್ ಸುತ್ತ ಸೀಮೆಸುಣ್ಣದ ಚೌಕವಿರುತ್ತದೆ. ಕೋನ್ ಬೀಳದೆ ಸರಿದರೆ, ಅದರ ಅಂಚು ಗೆರೆಯನ್ನು ಚೂರು ಮುಟ್ಟಿದ್ದರೂ ದಂಡವಿಲ್ಲ. ಪೂರ್ತಿ ಹೊರಗಿದ್ದರೆ ಮಾತ್ರ ಎರಡು ಸೆಕೆಂಡು. ಮೊದಲು ಕಣ್ಣು, ಆಮೇಲೆ ಕೈ ಎಂದು ಹೊಸಬರಿಗೆ ಪ್ರತಿ ವಸಂತದಲ್ಲಿ ಹೇಳಿಕೊಡುವವನು ಲೊರೆನ್‌ನೇ. ಸಂಶಯವಿದ್ದರೆ ಲಾಭ ಓಡಿಸಿದವನಿಗೆ ಎಂಬುದನ್ನೂ ಅವನೇ ಹೇಳುತ್ತಿದ್ದ.

ದಾರಿಯುದ್ದಕ್ಕೂ ಕೋನ್ ಕಾಯುವವರು ನಿಲ್ಲುವ ಜಾಗಗಳಲ್ಲಿ ಅವನಿಗೆ ಮೂರನೇ ಠಾಣೆ ಬಂತು. ಡೆಲ್ವಿನ್‌ನ ಮೊದಲೆರಡು ಓಟ ನಿಧಾನವಾಗಿದ್ದವು. ಕೊನೆಯದರಲ್ಲಿ ಪುಟ್ಟ ಕಾರು ಕಿರುಚುತ್ತ ಬಂದು, ಹಿಂದಿನ ಚಕ್ರದಿಂದ ಒಂದು ಕೋನನ್ನು ಒರಸಿಕೊಂಡು ಹೋಯಿತು. ಕೋನ್ ಬೀಳಲಿಲ್ಲ. ಓಲಾಡುತ್ತ ಸರಿದು ನಿಂತಿತು. ಹಿಂದೆ ಇನ್ನೊಂದು ಕಾರು ಹೊರಟಾಗಿತ್ತು. ಲೊರೆನ್ ಓಡಿದ, ಕೋನ್ ಹಿಡಿದು ಚೌಕದೊಳಗೆ ಎಳೆದಿಟ್ಟ, ಆಮೇಲೆ ಗೆರೆಯ ಕಡೆ ನೋಡಿದ.

ನೋಡುವುದಕ್ಕೆ ಏನೂ ಉಳಿದಿರಲಿಲ್ಲ.

ಹೊರಗಿತ್ತು ಎಂದು ಅವನ ಮನಸ್ಸು ಹೇಳುತ್ತಿತ್ತು. ಒಂದು ಬೆರಳಿನಷ್ಟು ಹೊರಗೆ. ಆದರೆ ಹನ್ನೊಂದು ವರ್ಷದಿಂದ ಅದೇ ಮನಸ್ಸು ಆ ಕಪ್ಪಿಗೆ ಕಾಯುತ್ತಿತ್ತು ಎಂಬುದೂ ಅವನಿಗೆ ಗೊತ್ತಿತ್ತು. ಸಮಯ ಅಳೆಯುವ ವ್ಯಾನಿನಿಂದ ವಾಕಿಟಾಕಿಯಲ್ಲಿ ಕೇಳಿದರು: "ಮೂರನೇ ಠಾಣೆ, ಏನಾದ್ರೂ ಇದ್ಯಾ?"

ಲೊರೆನ್ ಗುಂಡಿ ಒತ್ತಿದ. ಬೆರಳು ತೆಗೆದ. ಮತ್ತೆ ಒತ್ತಿದ.

"ಇಲ್ಲ. ದಂಡ ಇಲ್ಲ."

ನಲವತ್ತಾರು ಪಾಯಿಂಟ್ ಏಳು. ಡೆಲ್ವಿನ್ ಹನ್ನೆರಡನೇ ಕಪ್ ಕಂಕುಳಲ್ಲಿಟ್ಟುಕೊಂಡು ಬಂದು, ಕೋನ್ ಚಕ್ರಕ್ಕೆ ತಾಗಿದ್ದು ತನಗೆ ಗೊತ್ತಾಗಿತ್ತು, ದಂಡ ಯಾಕೆ ಬೀಳಲಿಲ್ಲ ಎಂದು ಕೇಳಿದ. ತಾಗಿತು, ಸರಿಯಿತು, ಗೆರೆ ನೋಡುವ ಮೊದಲೇ ನಾನು ಎತ್ತಿಬಿಟ್ಟೆ ಎಂದು ಲೊರೆನ್ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಡೆಲ್ವಿನ್ ಆ ಸಲ ತಮಾಷೆ ಮಾಡಲಿಲ್ಲ. ಹುಟ್ಟಿದ ಕರು ಹೆಣ್ಣು ಎಂದಷ್ಟೇ ಹೇಳಿ ಹೋದ.

ಮನೆಗೆ ಹೋಗುವಾಗ ಆರ್ಲಿಸ್ ಓಡಿಸಿದಳು. ಜಗಲಿಯ ಮಾತನ್ನು ಅವಳು ಎತ್ತಲಿಲ್ಲ, ಅವನೇ ಎತ್ತಿದ. ಸೋಮವಾರ ಸಂಜೆ ಹಲಗೆಗಳು ಬಂದಿಳಿದವು. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಜಗಲಿ ಸಿದ್ಧವಾಯಿತು. ಅಂಚೆಯವನು ಮೆಟ್ಟಿಲು ಹತ್ತಿ ಬಂದು ಕಾಗದ ಕೊಟ್ಟ.

ಡಿಸೆಂಬರಿನ ಒಂದು ಶನಿವಾರ ಮಧ್ಯಾಹ್ನ ಗ್ಯಾರೇಜಿನಲ್ಲಿ ಬಾನೆಟ್ ತೆರೆದ ಸದ್ದು ಕೇಳಿ ಲೊರೆನ್ ಒಳಗಿನಿಂದ ಎದ್ದು ಬಂದ. ಆರ್ಲಿಸ್ ಅಂಗಿಯ ತೋಳು ಮಡಿಸಿಕೊಂಡು ಎಂಜಿನ್ನಿನ ಮೇಲೆ ಬಾಗಿದ್ದಳು. ಎರಡನೇ ಕೊಳವೆಯನ್ನು ಇನ್ನೂ ಒಂದಿಂಚು ಗಿಡ್ಡ ಮಾಡಬಹುದು ಎಂದು ತನಗೆ ಬೇಸಿಗೆಯಿಂದಲೂ ಅನ್ನಿಸುತ್ತಿತ್ತು ಎಂದಳು.

"ಮಾತು ಕೊಟ್ಟಿದ್ದು ನಾನಲ್ವಾ?" ಎಂದ ಲೊರೆನ್.

"ನೀನೇ. ನಾನೇನು ಕೊಟ್ಟಿಲ್ವಲ್ಲ." ಅವಳು ಸ್ಟೂಲನ್ನು ಕಾಲಿನಿಂದ ಅವನತ್ತ ತಳ್ಳಿದಳು. "ಕೂತ್ಕೊ. ಲೈಟ್ ಹಿಡಿ. ಕೈ ಹಾಕ್ಬೇಡ."

ಅವನು ಕೂತ. ಅವಳು ಬೋಲ್ಟನ್ನು ನಿಧಾನವಾಗಿ, ಕಾಲು ಸುತ್ತು ಕಾಲು ಸುತ್ತಾಗಿ ಬಿಚ್ಚುತ್ತಿದ್ದಳು. ಅವನಾದರೆ ಅದಾಗಲೇ ಮೂರನ್ನು ತೆಗೆದಿರುತ್ತಿದ್ದ. ಕಾಲು ಕುಣಿದು ಬೆಳಕು ಸ್ವಲ್ಪ ನಡುಗಿತು. ಅವನು ದೀಪವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.