ಡೈರಿ ಮುಂದೆ ಆಡಿದ ಮಾತು

ಸುಗಟೂರಿನಿಂದಾಚೆಯ ಒಂದು ಹಳ್ಳಿಯ ದಲಿತ ಕಾಲೋನಿಯಲ್ಲಿ ಹುಟ್ಟಿ ಬೆಳೆದ ಮುನಿಲಕ್ಷ್ಮಿ ಮನೋವಿಜ್ಞಾನದಲ್ಲಿ ಎಂ.ಎ. ಮಾಡಿದವಳು. ಜಾತಿ ಜಗಳವಾದ ಊರುಗಳಲ್ಲಿ ಜನ ಮತ್ತೆ ಹೇಗೆ ಒಂದಾಗುತ್ತಾರೆ ಎಂಬ ಸಂಶೋಧನೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಮನೆಮನೆಗೆ ಹೋಗಿ ಜನರನ್ನು ಮಾತಾಡಿಸಬೇಕು. ಪಟ್ಟಿಯಲ್ಲಿ ಅವಳ ಊರೂ ಇತ್ತು.

"ಸ್ವಂತ ಊರು ಕಷ್ಟ ಆಗುತ್ತೆ, ಬೇರೆಯವರನ್ನ ಕಳಿಸ್ತೀನಿ" ಎಂದರು ತಂಡದ ಮುಖ್ಯಸ್ಥೆ ರಮ್ಯ.

"ಬೇಡ ಮೇಡಂ, ನಾನೇ ಹೋಗ್ತೀನಿ."

ಅವಳು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅವಳ ತಾಯಿ ಮುನಿಗಂಗಮ್ಮ ಡೈರಿಗೆ ತಂದ ಹಾಲನ್ನು, ಕಾಲೋನಿಯವರದು ಬೇಡವೆಂದು ಊರಿನವರು ಬೀದಿಗೆ ಚೆಲ್ಲಿದ್ದರು. ಕೇಳಲು ಹೋದವರಿಗೆ ಏಟು ಬಿದ್ದಿತ್ತು. ಕೇಸಾದ ಮೇಲೆ ಡೈರಿಯವರು ಎಲ್ಲರ ಹಾಲನ್ನೂ ಅಳೆದು ತೆಗೆದುಕೊಳ್ಳತೊಡಗಿದರು. ಊರಿಗೂ ಕಾಲೋನಿಗೂ ಮಾತುಕತೆ ಮಾತ್ರ ನಿಂತೇಹೋಗಿತ್ತು.

ಊರಿನ ಮನೆಗಳಲ್ಲಿ, "ಹಳೇದೆಲ್ಲ ಈಗ್ಯಾಕಮ್ಮ? ಚೆನ್ನಾಗೇ ಇದ್ದೀವಲ್ಲ" ಎಂದರು. ಕಾಲೋನಿಯಲ್ಲಿ ಯಾರೂ ಹಾಗೆನ್ನಲಿಲ್ಲ. ಹಾಲು ಚೆಲ್ಲಿದವರನ್ನು ಕ್ಷಮಿಸ್ತೀಯಾ ಎಂದು ತಾಯಿಯನ್ನು ಕೇಳಿದಾಗ ಮುನಿಗಂಗಮ್ಮ ಸೊಪ್ಪು ಬಿಡಿಸುತ್ತಲೇ ಹೇಳಿದಳು: "ತಪ್ಪಾಯ್ತು ಅಂತ ಯಾರಂದ್ರು ಕಣೇ, ನಾನು ಕ್ಷಮಿಸಕ್ಕೆ?"

ಊರಿನ ಹಿರಿಯ ಕೋದಂಡರಾಮಪ್ಪ ಒಬ್ಬನೇ ಬಾಯಿಬಿಟ್ಟ. "ಹಾಲು ಚೆಲ್ಲಿದೋನು ನಾನೇ ಕಣಮ್ಮ. ನಿಮ್ಮಮ್ಮ ಎದುರಿಗೆ ಬಂದ್ರೆ ತಲೆ ಎತ್ತಕ್ಕಾಗಲ್ಲ. ಕೆಟ್ಟೋನು ಅನ್ನಿಸ್ಕೊಂಡೇ ಸಾಯ್ಬೇಕಾ?"

ಮುನಿಲಕ್ಷ್ಮಿಗೆ ವಿಷಯ ಸ್ಪಷ್ಟವಾಯಿತು. ಅಮ್ಮನಿಗೆ ಕಳೆದುಹೋದ ಮರ್ಯಾದೆ ಬೇಕು. ಈತನಿಗೆ ಮತ್ತೆ ಒಳ್ಳೆಯವನೆನಿಸಿಕೊಳ್ಳಬೇಕು. ಒಬ್ಬರಿಗೆ ಬೇಕಾದದ್ದು ಇನ್ನೊಬ್ಬರ ಕೈಯಲ್ಲಿತ್ತು.

"ಊರಿನ ಮಗಳಾಗಿ ಹೇಳ್ತೀನಿ ಗೌಡ್ರೇ. ಚೆಲ್ಲಿದ್ದು ಎಲ್ರ ಮುಂದೆ. ತಪ್ಪಾಯ್ತು ಅನ್ನೋದನ್ನೂ ಎಲ್ರ ಮುಂದೇನೇ ಅನ್ಬೇಕು."

ಆತ ಕೆಲವು ದಿನ ಹಿಂದೆಮುಂದೆ ನೋಡಿದ. ಕೊನೆಗೊಂದು ಬೆಳಿಗ್ಗೆ, ಜನ ಡೈರಿ ಮುಂದೆ ಹಾಲು ಹಾಕಲು ಸಾಲು ನಿಂತಿದ್ದಾಗ ಬಂದ. ಮೊದಲೆಲ್ಲ ಏಕವಚನದಲ್ಲೇ ಕರೆಯುತ್ತಿದ್ದವನು ಅಂದು, "ಗಂಗಮ್ನೋರೇ, ನಿಮ್ಮ ಹಾಲು ಚೆಲ್ಲಿದ್ದು ನನ್ನ ತಪ್ಪು. ನಿಮ್ಮೋರ ಮೇಲೆ ಕೈ ಮಾಡಿದ್ದೂ ತಪ್ಪು" ಎಂದ. "ಇದೆಲ್ಲ ಬೇಕಿತ್ತೇನಣ್ಣ?" ಎಂದು ಯಾರೋ ಗೊಣಗಿದರು. ಆತ ತಿರುಗಿ ನೋಡಲಿಲ್ಲ.

ಮುನಿಗಂಗಮ್ಮ ಹಾಲಿನ ಕ್ಯಾನು ಕೆಳಗಿಟ್ಟಳು. "ಮಾತು ಕೇಳಿಸ್ಕೊಂಡೆ, ಬರೀ ಮಾತು ಸಾಲ್ದು. ಈ ಸಲ ಡೈರಿ ಸಂಘದ ಎಲೆಕ್ಷನ್‌ಗೆ ನಾನು ನಿಲ್ತೀನಿ. ನನ್ನ ಹೆಸರು ನೀವೇ ಸೂಚಿಸ್ಬೇಕು."

"ಆಗ್ಲಮ್ಮ" ಎಂದ ಕೋದಂಡರಾಮಪ್ಪ. ಹೇಳಿದಂತೆ ಸೂಚಿಸಿದ; ಅದಕ್ಕೆ ಊರಿನ ಕೆಲವು ಮನೆಗಳು ಆತನೊಂದಿಗೆ ಮಾತು ಬಿಟ್ಟವು. ಮುನಿಗಂಗಮ್ಮ ಗೆದ್ದಳು. ಸಂಘದವರೆಲ್ಲ ಸೇರಿದ ಮೊದಲ ಸಭೆಯಲ್ಲಿ ಅವಳು ಕುರ್ಚಿ ಎಳೆದುಕೊಂಡು ಆತನ ಪಕ್ಕದಲ್ಲೇ ಕೂತಳು.

ಮುನಿಲಕ್ಷ್ಮಿ ರಮ್ಯಗೆ ಫೋನ್ ಮಾಡಿದಳು. "ಜನ ಮತ್ತೆ ಒಂದಾಗಕ್ಕೆ ಆಗುತ್ತೆ ಮೇಡಂ. ಪಟ್ಟೀಲಿರೋ ಯಲ್ದೂರು ಕಡೆ ಊರಿಗೆ ನಾಳೆನೇ ಹೊರಡ್ತೀನಿ."