ನರ್ಸಮ್ಮನ ಮೀನಿನ ತೊಟ್ಟಿಗೆ ಮರಳು

ಮೊನ್ನೆ ಮಗಳು ಹಾಸನದಿಂದ ಬರುವಾಗ ಗಾಜಿನ ಮೀನಿನ ತೊಟ್ಟಿಯ ಜೊತೆಗೆ ಒಂದು ಪೊಟ್ಟಣ ನೀಲಿ ಕಲ್ಲನ್ನೂ ತಂದಿದ್ದಳು. ತೊಟ್ಟಿಯ ತಳಕ್ಕೆ ಹರಡುವ ಬಣ್ಣದ ಕಲ್ಲು. ಬಕೆಟ್ಟಿಗೆ ಸುರಿದು ನೀರು ಬಿಟ್ಟಾಗ ಹೊಸ ಬಾಗಿಲಿಗೆ ಬಳಿದ ಪೇಂಟಿನಂಥ ವಾಸನೆ ಎದ್ದಿತು. ಆ ವಾಸನೆ ನನಗೆ ಗೊತ್ತಿತ್ತು. ಇಷ್ಟು ವರ್ಷ ಎಲ್ಲಿ ಅಡಗಿತ್ತೋ, ಸಿಟ್ಟು ಒಮ್ಮೆಗೇ ಉಕ್ಕಿ ಬಂತು.

ಎರಡು ಸಾವಿರದ ಇಸವಿಯ ಆಚೀಚೆ ನಾನು ಮದುವೆಯಾಗಿ ಪಾಳ್ಯದ ಹತ್ತಿರದ ಹಳ್ಳಿಗೆ ಹೋದೆ. ನಮ್ಮ ಮನೆಯ ಗೋಡೆಗೆ ಹೊಂದಿಕೊಂಡಂತೆ ನರ್ಸಮ್ಮನ ಕ್ವಾರ್ಟರ್ಸ್. ಅವರಿಗೆ ಒಂದು ಹೆಸರಿತ್ತು ಎನ್ನುವುದೇ ಊರಿಗೆ ಮರೆತಿತ್ತು. ತೀರ್ಥಹಳ್ಳಿ ಕಡೆಯವರು, ಒಂಟಿ, ಬಾಯಿ ಜೋರು. ಚುಚ್ಚುಮದ್ದಿಗೆ ಮಗುವನ್ನು ಕರೆತರದ ತಾಯಂದಿರನ್ನು ಗದ್ದೆಯ ಬದುವಿನಲ್ಲಿ ನಿಂತೇ ಬೈಯುತ್ತಿದ್ದರು. ಸೊಸೆಯರನ್ನು ಆಸ್ಪತ್ರೆಗೆ ಕಳಿಸಲೊಪ್ಪದ ಅತ್ತೆಯರಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಹೊಸ ಊರಿನಲ್ಲಿ ಮಾತಿಗೆ ಜನವಿಲ್ಲದೆ ಒದ್ದಾಡುತ್ತಿದ್ದ ನನಗೆ ಮಾತ್ರ ಅವರ ಬೈಗುಳವೂ ಹಿತವಾಗಿತ್ತು.

ಸಕಲೇಶಪುರದ ಕಡೆಯ ಎಸ್ಟೇಟ್ ಒಂದರ ಮ್ಯಾನೇಜರರು ಕೆಲಸ ಬಿಟ್ಟು ಹೊರಟಾಗ, ಮಗುವಿನ ಜ್ವರದಲ್ಲಿ ನೋಡಿಕೊಂಡ ನೆನಪಿಗೆಂದು ಅವರ ಹೆಂಡತಿ ನರ್ಸಮ್ಮನಿಗೆ ಒಂದು ಖಾಲಿ ತೊಟ್ಟಿ ಕೊಟ್ಟಿದ್ದರಂತೆ. ಅದಕ್ಕೆ ಮೀನು ತರುವುದೇನೂ ಕಷ್ಟವಾಗಲಿಲ್ಲ. ತಳಕ್ಕೆ ಏನು ಹಾಕಬೇಕೆನ್ನುವುದೇ ದೊಡ್ಡ ತಲೆನೋವಾಯಿತು. ಮೊದಲು ಹಾಸನದ ಅಂಗಡಿಯ, ಇದೇ ಪೇಂಟಿನ ವಾಸನೆಯ ನೀಲಿ ಕಲ್ಲು. ವಾರ ಕಳೆಯುವುದರೊಳಗೆ ನೀರಿಗೆ ಬಣ್ಣ ಬಿಟ್ಟಿತು, ಮೀನುಗಳು ಮೇಲೆ ಬಂದು ಬಾಯಿ ತೆರೆದು ತೆರೆದು ಸತ್ತವು. ಆಮೇಲೆ ಯಾರದೋ ಮನೆಯ ನೆಲದ ಕೆಲಸದಲ್ಲಿ ಉಳಿದ ಬಿಳಿ ಅಮೃತಶಿಲೆಯ ಚೂರು. ನೋಡುವುದಕ್ಕೆ ಚೆನ್ನ. ಹಾಕಿದ ಆಹಾರವೆಲ್ಲ ಚೂರುಗಳ ಸಂದಿಗೆ ಇಳಿದು ಕೊಳೆತು ನಾರುತ್ತಿತ್ತು. ಹೊಸದಾಗಿ ತಂದವುಗಳಲ್ಲಿ, ತಳದಲ್ಲಿ ಮೂತಿ ಊರಿಕೊಂಡು ತಿನ್ನುವ ಮೀಸೆಯ ಮೀನು ಎರಡಿದ್ದವು. ಅವುಗಳ ಮೀಸೆ ದಿನೇ ದಿನೇ ಮೊಂಡಾಗುತ್ತ ಬಂತು.

"ನೋಡೇ ಇಲ್ಲಿ, ಮೂತಿಯೆಲ್ಲ ಗಾಯ," ಎಂದು ನರ್ಸಮ್ಮ ಟಾರ್ಚ್ ಹಿಡಿದು ತೋರಿಸಿದರು. "ಈ ಕಲ್ಲಿನ ಮೊನೆ ಗೀರ್ತಾ ಇದೆ. ನನ್ನ ಚಂದಕ್ಕೆ ಇವು ನೋವು ತಿನ್ಬೇಕಾ?"

ಅವತ್ತು ಅವರು ಒಂದು ಚೂರಿನ ಮೇಲೆ ನಿಂಬೆಹಣ್ಣು ಹಿಂಡಿದರು. ಸಣ್ಣಗೆ ನೊರೆ ಬಂತು. ನೀರಿಗೆ ಸುಣ್ಣ ಬಿಡುವ ಕಲ್ಲು, ಮೀನಿಗೆ ಆಗುವುದಿಲ್ಲ ಎಂದರು. ಅದನ್ನೂ ಎಸೆದಾಯಿತು. ನಮ್ಮ ಗದ್ದೆಯ ಮಣ್ಣು ಹಾಕಿ ನೋಡಿದಾಗ ತೊಟ್ಟಿ ಕೆಸರುಗುಂಡಿಯಾಗಿ, ಮೀನು ಇವೆಯೋ ಇಲ್ಲವೋ ತಿಳಿಯದಂತಾಯಿತು. ಇಬ್ಬರೂ ನಕ್ಕೆವು... ಆ ನಗು ಈಗಲೂ ಕಿವಿಯಲ್ಲಿದೆ.

ಕೊನೆಗೆ ನಮ್ಮೂರ ಹೊಳೆಯ ಮರಳು. ಬಟ್ಟೆ ಒಗೆಯುವ ಕಲ್ಲುಗಳ ಪಕ್ಕದಲ್ಲಿ ಹೊಳೆ ತಿರುಗುವಲ್ಲಿ ಮೊಣಕಾಲುದ್ದ ನೀರು, ಅದರಡಿಯಲ್ಲಿ ರವೆಗಿಂತ ತುಸು ದಪ್ಪನೆಯ, ನುಣುಪಾದ ಮರಳು. ನಿಂಬೆರಸಕ್ಕೆ ನೊರೆ ಬರಲಿಲ್ಲ. ನೀರು ತಿಳಿಯಾಗುವವರೆಗೆ ತೊಳೆದು, ಎರಡು ಬೆರಳಿನಷ್ಟು ದಪ್ಪಕ್ಕೆ ಹರಡಿದೆವು. ಹೆಚ್ಚು ಹಾಕಿದರೆ ಅಡಿಯಲ್ಲಿ ಕೊಳೆಯುತ್ತದೆಂದು ನರ್ಸಮ್ಮ ಎಲ್ಲೋ ಓದಿದ್ದರು. ಮೀಸೆಯ ಮೀನುಗಳು ಮರಳಿಗೆ ಮೂತಿ ಹುದುಗಿಸಿ ಕಿವಿರಿನಿಂದ ಮರಳುದುರಿಸುತ್ತ ಓಡಾಡಿದ್ದನ್ನು ನಾವಿಬ್ಬರೂ ಕಾಫಿ ಆರುವವರೆಗೂ ನೋಡುತ್ತ ಕೂತಿದ್ದೆವು.

ಅದೇ ಹೊತ್ತಿಗೆ ಹೊಳೆಗೆ ಟ್ರ್ಯಾಕ್ಟರುಗಳು ಇಳಿಯತೊಡಗಿದ್ದವು. ಪೇಟೆಯಲ್ಲಿ ಮನೆಗಳು ಏಳುತ್ತಿದ್ದವು, ಮರಳಿಗೆ ಬೇಡಿಕೆ. ಟ್ರ್ಯಾಕ್ಟರುಗಳು ಊರಿನ ಪಂಚಾಯ್ತಿ ಮೆಂಬರನವು. ಸೇತುವೆಯ ಕೆಳಗೆ ಆಳಾಳದ ಗುಂಡಿಗಳು ಬಿದ್ದವು. ಮೇಯಲು ಹೋದ ಎಮ್ಮೆಯೊಂದು ಅದರಲ್ಲಿ ಸಿಕ್ಕಿ ಸತ್ತ ಮೇಲೂ ಯಾರೂ ತುಟಿ ಬಿಚ್ಚಲಿಲ್ಲ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿದವರು ನರ್ಸಮ್ಮ ಒಬ್ಬರೇ.

ಮೆಂಬರು ಕೂತಲ್ಲಿಂದಲೇ ಹೇಳಿದ: "ನೀವೂ ಬಕೆಟ್ಟಲ್ಲಿ ಮರಳು ಹೊಡಿಯೋರೇ ಕಣ್ರೀ ನರ್ಸಮ್ಮ. ಮೊದ್ಲು ನಿಮ್ ಮೀನಿನ ಪರ್ಮಿಟ್ ತೋರ್ಸಿ."

ಸಭೆಯೆಲ್ಲ ಗೊಳ್ಳೆಂದಿತು. ಅವರ ಕೈಯಲ್ಲೇ ಹುಟ್ಟಿದ ಮಕ್ಕಳ ಅಪ್ಪಂದಿರು ತೊಡೆ ತಟ್ಟಿಕೊಂಡು ನಕ್ಕರು. ನಾನು ಹೆಂಗಸರ ಸಾಲಿನಲ್ಲಿ ಕೂತು ಆ ಮುಖಗಳನ್ನು ಒಂದೊಂದಾಗಿ ನೋಡಿದೆ. ಒಂದನ್ನೂ ಮರೆತಿಲ್ಲ.

ನರ್ಸಮ್ಮ ನಗಲಿಲ್ಲ. "ನಾನು ತೆಗೆದಿದ್ದನ್ನ ಹೊಳೆ ಮಾರನೇ ದಿನವೇ ತುಂಬ್ಕೊಳ್ಳುತ್ತೆ. ನೀವು ತೋಡಿದ್ದನ್ನ ಯಾರು ತುಂಬ್ತಾರೆ? ಅಲ್ಲಿ ಮಕ್ಕಳು ಈಜ್ತವೆ," ಎಂದರು.

"ಆಯ್ತು ಬುಡಿ, ಬಟ್ಟೆ ಒಗಿಯೋ ತಾವ ಮುಟ್ಟಕಿಲ್ಲ. ಎಲ್ಲಾರ ಮುಂದೂ ಯೋಳ್ತಿವ್ನಿ," ಎಂದ ಮೆಂಬರು. ಆ ಮಾತನ್ನು ನರ್ಸಮ್ಮ ನಂಬಿದರು. ಎಲ್ಲರೂ ನಂಬಿದೆವು.

ಮಳೆಗಾಲ ಹಿಡಿಯುವ ಮುಂಚೆ, ಸೇತುವೆಯ ಕಡೆ ಮರಳು ಮುಗಿದಾಗ, ಅವನ ಆಳುಗಳು ನಸುಕಿನಲ್ಲಿ ಬಂದು ಬಟ್ಟೆ ಒಗೆಯುವ ಆ ತಿರುವಿನಲ್ಲೂ ತೋಡಿದ್ದರು. ಬೆನ್ನಿಗೇ ಮಳೆ ಬಂದು ಹೊಳೆ ಕೆಂಪಗೆ ತುಂಬಿ ಗುಂಡಿಯನ್ನು ಕಣ್ಣಿಗೆ ಕಾಣದಂತೆ ಮುಚ್ಚಿತು. ಇದೆಲ್ಲ ನಮಗೆ ತಿಳಿದದ್ದು ಆಮೇಲೆ.

ಮಳೆ ನಿಂತ ಮೇಲೆ ಒಂದು ಭಾನುವಾರ. ತೊಟ್ಟಿಯ ಮರಳು ಕಪ್ಪಾಗಿ ವಾಸನೆ ಬರುತ್ತಿತ್ತು, ಬದಲಾಯಿಸಬೇಕಿತ್ತು. ನಾನು ಬಸುರಿ. "ನೀನು ದಡದಲ್ಲೇ ಕೂತ್ಕೋ, ಇಳೀಬೇಡ," ಎಂದು ಬೈದು, ಸೀರೆ ಎತ್ತಿ ಸಿಕ್ಕಿಸಿಕೊಂಡು ನರ್ಸಮ್ಮ ಎಂದಿನ ಜಾಗಕ್ಕೆ ಇಳಿದರು. ನೀರಿನ್ನೂ ತಿಳಿಯಾಗಿರಲಿಲ್ಲ. ಬಗ್ಗಿ ಒಂದು ಹಿಡಿ ಮರಳೆತ್ತಿ ನನಗೆ ತೋರಿಸಿದರು. ಏನೋ ಹೇಳಲು ಬಾಯಿ ತೆರೆದರು. ಮುಂದಿನ ಹೆಜ್ಜೆಗೆ ಅವರು ಇರಲಿಲ್ಲ.

ಒಂದು ಕೈ ಮೇಲೆ ಬಂತು... ಬಕೆಟ್ಟು ತೇಲಿಕೊಂಡು ಹೋಯಿತು. ನಾನು ಕೂಗಿದೆ, ಗಂಟಲು ಹರಿಯುವವರೆಗೆ ಕೂಗಿದೆ. ಗದ್ದೆಯಲ್ಲಿದ್ದ ಗಂಡಸರು ಓಡಿ ಬಂದು ಎತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರನ್ನು ಎತ್ತಿದವನೇ ಹೇಳಿದ, ಗುಂಡಿ ಎರಡಾಳುದ್ದ ಐತೆ ಎಂದು. ಸಂಜೆ ಪೊಲೀಸಿನವರು ಕೇಳಿದಾಗ ಅವನ ಬಾಯಿಗೆ ಬೀಗ ಬಿದ್ದಿತ್ತು. ನಾನು ಹೇಳಿದೆ, ಅಲ್ಲಿ ಗುಂಡಿ ತೋಡಿದ್ದಾರೆ ಎಂದು. ಬರೆದುಕೊಳ್ಳುತ್ತಿದ್ದವನು ತಲೆಯೆತ್ತದೆ, "ಹೊಳೆ ಅಂದ್ಮೇಲೆ ಗುಂಡಿ ಇರ್ತದಮ್ಮ," ಎಂದ. ಕಾಲು ಜಾರಿ ಸಾವು ಎಂದಾಯಿತು.

ಮೆಂಬರು ದೊಡ್ಡ ಹಾರ ತಂದಿದ್ದ. ಮಲಗಿಸಿದ್ದ ನರ್ಸಮ್ಮನ ಕಾಲ ಬಳಿ ಇಟ್ಟು, ಎಲ್ಲರಿಗೂ ಕೇಳುವಂತೆ, "ಪಾಪ, ಮೀನಿನ ಹುಚ್ಚಿಗೆ ಬಿದ್ದು ಒಂದು ಬಕೆಟ್ ಮರಳಿಗೆ ಜೀವ ಕಳ್ಕೊಂಬುಟ್ರು," ಎಂದ.

ಹಾರವನ್ನು ನಾನೇ ಎಳೆದು ಅವನ ಎದೆಗೆ ಎಸೆದೆ. "ಮರಳಿಗಲ್ಲ ಕಣೋ ಸತ್ತಿದ್ದು, ನೀನು ತೋಡಿದ ಗುಂಡಿಗೆ! ಮುಟ್ಟಲ್ಲ ಅಂದಿದ್ಯಲ್ಲ ಎಲ್ಲರ ಮುಂದೆ!" ಮಾವ ಬಂದು ನನ್ನ ರಟ್ಟೆ ಹಿಡಿದರು. "ಸುಮ್ಕಿರವ್ವ, ಬಸುರಿ ಹೆಂಗ್ಸು ಕೂಗಾಡಬಾರ್ದು." ಉಳಿದವರು ನೆಲ ನೋಡಿದರು. ಆಮೇಲೆ ಊರಿನ ಬಾಯಲ್ಲಿ ಉಳಿದದ್ದು ಅವನ ಮಾತೇ, ಒಂದು ಬಕೆಟ್ ಮರಳು ಎನ್ನುವುದು.

ನರ್ಸಮ್ಮನ ಅಣ್ಣ ಬಂದು ಟ್ರಂಕು ತೆಗೆದುಕೊಂಡು ಹೋದರು, ತೊಟ್ಟಿಯನ್ನು ನನಗೆ ಬಿಟ್ಟರು. ನನ್ನ ಹೆರಿಗೆಯಲ್ಲಿ ಜೊತೆಗಿರುತ್ತೇನೆಂದು ನರ್ಸಮ್ಮ ಮಾತು ಕೊಟ್ಟಿದ್ದರು. ಆಸ್ಪತ್ರೆಯಲ್ಲಿ ಗುರುತಿಲ್ಲದ ಕೈಗಳ ನಡುವೆ ಮಗಳು ಹುಟ್ಟಿದಳು. ನೋವಿನಲ್ಲಿ ನಾನು ಬೈದದ್ದು ಆ ಮೆಂಬರನನ್ನು ಎಂದು ಅತ್ತೆ ಆಮೇಲೆ ಹೇಳಿದರು. ಅವರೂ ಅಳುತ್ತಿದ್ದರು. ಕೆಲವು ವರ್ಷಕ್ಕೆ ನಾವು ಆಲೂರಿಗೆ ಬಂದು ಮನೆ ಮಾಡಿದೆವು. ಆ ಊರಿಗೆ ಮದುವೆ, ತಿಥಿ ಎಂದು ಹೋಗುವುದುಂಟು. ಹೊಳೆಯ ಕಡೆ ಹೋಗುವುದಿಲ್ಲ.

ಮೊನ್ನೆ ಮಗಳು ತಂದ ಈ ತೊಟ್ಟಿಗೂ ಹೊಳೆ ಮರಳೇ ಸರಿಯೆಂದು ನಾನು ಹೇಳಿದೆ. ಎದುರಿನವರು ಮನೆ ಕಟ್ಟಿಸುತ್ತಿದ್ದಾರೆ, ಬಾಗಿಲಲ್ಲೇ ಮರಳಿನ ರಾಶಿ ಬಿದ್ದಿದೆ, ಒಂದು ಬುಟ್ಟಿ ಕೇಳಿ ತರುತ್ತೇನೆಂದಳು ಮಗಳು. ಬೇಡವೆಂದೆ. ಯಾಕೆಂದು ಕೇಳಿದಳು. ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಇಷ್ಟು ವರ್ಷ ಅವಳಿಗೆ ಹೇಳಿರಲಿಲ್ಲ.

ಅವಳು ಎದ್ದು ಬಕೆಟ್ಟಿನ ನೀಲಿ ಕಲ್ಲನ್ನು ಹಿತ್ತಲಿಗೆ ಸುರಿದು ಬಂದಳು. ಆಮೇಲೆ, "ಆ ಮೆಂಬರಿಗೆ ಏನಾಯ್ತಮ್ಮಾ?" ಎಂದಳು.

ಏನೂ ಆಗಲಿಲ್ಲ. ಮತ್ತೆ ಗೆದ್ದ. ಮೊಮ್ಮಕ್ಕಳನ್ನು ಕಂಡ. ಹೋದ ವರ್ಷ ತನ್ನ ಮಂಚದ ಮೇಲೆ, ನಿದ್ದೆಯಲ್ಲಿ ತೀರಿಕೊಂಡ.