ಪೆನ್ಸಿಲ್‌ನಲ್ಲಿ ಬರೆದ ಪುಟ

ಲಿಯಾಂಗ್ ಅಂಕಲ್, ನಾನು ನಿಮಗೆ ಸುಳ್ಳು ಹೇಳಿದೆ. ನಿಮ್ಮ ಅಪ್ಪನ ಬಗ್ಗೆ ಏನೂ ಸಿಗಲಿಲ್ಲ ಎಂದ ದಿನ ಆ ಪುಟದ ನಕಲು ನನ್ನ ಕೈಚೀಲದಲ್ಲೇ ಇತ್ತು.

ಫೇರ್‌ಫ್ಯಾಕ್ಸ್‌ನಲ್ಲಿ ನಮ್ಮ ಎರಡು ಹಿತ್ತಲುಗಳ ನಡುವೆ ಒಂದೇ ಬೇಲಿ. ನಿಮ್ಮ ಎಳೆಯ ಹೀರೇಕಾಯಿ ಬೇಲಿ ದಾಟಿ ನನ್ನ ಅಡುಗೆಮನೆಗೆ ಬರುತ್ತಿತ್ತು. ನಾನಾಗ ಇತಿಹಾಸದಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ದಕ್ಷಿಣ ಚೀನಾದ ನದಿಗಳಲ್ಲಿ ದೋಣಿಯಲ್ಲಿ ಬಂದು ದೋಚುವ ಕಳ್ಳರನ್ನು ಹಿಡಿಯಲು ಪರದೇಶದ ನೌಕಾಪಡೆಗಳು ಗಸ್ತು ತಿರುಗುತ್ತಿದ್ದ ಕಾಲವೇ ನನ್ನ ವಿಷಯ. ಅದು ತಿಳಿದ ದಿನ ನೀವು ಬೇಲಿಯ ಬಳಿ ಬಂದು ನಿಂತಿರಿ. ನಿಮ್ಮ ತಾಯಿಯಿಂದ ಕೇಳಿದ್ದನ್ನೆಲ್ಲ ಹೇಳಿದಿರಿ — ಊರಿನ ಹೆಸರು, ಯಾವ ಹಬ್ಬದ ಮರುದಿನ, ದೋಣಿಯ ಕಪ್ಪು ಪಟ. ಗಸ್ತಿನ ಹಡಗು ನಿಮ್ಮ ಅಪ್ಪನನ್ನು ದೋಣಿಯ ಸಮೇತ ಮುಳುಗಿಸಿತ್ತು. ಕಳ್ಳ ಎಂದಿತು ಊರು. ನಿಮ್ಮ ಅಜ್ಜ ಮನೆಯಲ್ಲಿ ಹಿರಿಯರನ್ನು ಪೂಜಿಸುವ ಪೀಠದಲ್ಲಿ ಅವರ ಹೆಸರು ಇಡಿಸಲಿಲ್ಲ. ಅರವತ್ತು ವರ್ಷ ಅವರಿಗೆ ಅನ್ನವಿಲ್ಲ, ಊದುಬತ್ತಿಯಿಲ್ಲ...

"ಕಳ್ಳನೇ ಆಗಿದ್ದರೂ ಹೇಳಮ್ಮ," ಎಂದಿರಿ. "ತಿಳಿದರೆ ಸಾಕು."

ಆ ಹಡಗುಗಳಲ್ಲಿ ದಿನಚರಿಯನ್ನು ಎರಡು ಸಲ ಬರೆಯುತ್ತಿದ್ದರು. ಪಾಳಿಯಲ್ಲಿದ್ದವನು ಅಲ್ಲೇ ಪೆನ್ಸಿಲ್‌ನಲ್ಲಿ ಗೀಚುತ್ತಿದ್ದ. ಆಮೇಲೆ ಮೇಲಧಿಕಾರಿಗಳಿಗಾಗಿ ಶಾಯಿಯಲ್ಲಿ ಅಂದವಾಗಿ ತಿದ್ದಿ ಬರೆಯುತ್ತಿದ್ದರು. ಎಲ್ಲರೂ ಓದುವುದು ಶಾಯಿಯದನ್ನೇ. ಅದರಲ್ಲಿ ಇದ್ದದ್ದು ಇಷ್ಟು: ಕಳ್ಳರ ದೋಣಿ ನಾಶ. ಪೆನ್ಸಿಲ್ಲಿನ ಪ್ರತಿ ವಾಷಿಂಗ್ಟನ್ನಿನ ಸರಕಾರಿ ದಾಖಲೆಗಳ ಭಂಡಾರದಲ್ಲಿ, ಯಾವುದೋ ಬೇರೆ ಪೆಟ್ಟಿಗೆಯಲ್ಲಿ, ನನ್ನ ಕೈಗೆ ಸಿಕ್ಕಿತು. ಅದೇ ಊರು, ಅದೇ ದಿನ, ಕಪ್ಪು ಪಟ. ದೋಣಿಯಲ್ಲಿ ಉಪ್ಪಿನ ಮೂಟೆ, ಬಾತುಕೋಳಿ. ಆಯುಧವಿಲ್ಲ.

ನನಗಾದದ್ದು ಖುಷಿ — ನನ್ನ ಲೇಖನದ ಖುಷಿ. ನಿಮಗೆ ಹೇಳಿದರೆ ನೀವು ಮಗಳಿಗೆ ಹೇಳುತ್ತೀರಿ, ಅವಳು ಇನ್ಯಾರಿಗೋ, ಕೊನೆಗೆ ಬೇರೆಯವರು ಮೊದಲು ಬರೆದುಬಿಟ್ಟರೆ...

"ಅಂಕಲ್‌ಗೆ ಇನ್ನೂ ಹೇಳಿಲ್ವಾ? ಪಾಪ, ದಿನಾ ಬೇಲಿ ಹತ್ರ ವೇಟ್ ಮಾಡ್ತಾರೆ ಕಣೇ," ಎಂದರು ನನ್ನ ಗಂಡ.

"ಪಬ್ಲಿಶ್ ಆಗ್ಲಿ ರೀ, ಆಮೇಲೆ ಹೇಳ್ತೀನಿ. ಅವರೆಲ್ಲಿ ಹೋಗ್ತಾರೆ?"

ನೀವು ಕಾಯುವುದನ್ನು ನೋಡಲಾಗದೆ ಮರುದಿನವೇ ಆ ಸುಳ್ಳು ಹೇಳಿದೆ. ಸಂಜೆ ನಮ್ಮ ಬಾಗಿಲಲ್ಲಿ ಒಂದು ಚೀಲ ಹೀರೇಕಾಯಿ, ಜೊತೆಗೆ ಚೀಟಿ: ಇಷ್ಟು ಹುಡುಕಿದ್ದಕ್ಕೆ ಥ್ಯಾಂಕ್ಸ್. ನಾನು ಸಿಪ್ಪೆಯ ಚಟ್ನಿ ಅರೆದು ಊಟ ಮಾಡಿದೆ.

ಆ ಚಳಿಗಾಲದಲ್ಲಿ ನೀವು ತೀರಿಕೊಂಡಿರಿ. ಲೇಖನ ಬಂದದ್ದು ಏಪ್ರಿಲ್‌ನಲ್ಲಿ. ಡರ್ಹಮ್‌ನಲ್ಲಿರುವ ನಿಮ್ಮ ಮಗಳಿಗೆ ಕಳಿಸಲಿಲ್ಲ — ಪುಟ ಸಿಕ್ಕ ತಿಂಗಳು ಅಡಿಟಿಪ್ಪಣಿಯಲ್ಲಿತ್ತು, ನೀವು ಬದುಕಿದ್ದಾಗಲೇ ಅದು ನನ್ನ ಬಳಿ ಇತ್ತೆಂದು ಅವಳಿಗೆ ಗೊತ್ತಾಗುತ್ತಿತ್ತು. ಐದು ವರ್ಷ ಹಾಗೇ ಕಳೆದೆ. ನನ್ನ ಅಪ್ಪನ ತಿಥಿಗೆ ಒಂದು ವರ್ಷವೂ ತಪ್ಪದೆ ಎಡೆ ಇಟ್ಟವಳು ನಾನು. ಸತ್ತವರ ಪಾಲಿನ ತುತ್ತು ನಿಂತರೆ ಇದ್ದವರಿಗೆ ಏನಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು.

ನಾಳೆ ಡರ್ಹಮ್‌ಗೆ ಹೊರಟಿದ್ದೇನೆ. ಆ ಪುಟವನ್ನು ನಿಮ್ಮ ಮಗಳ ಕೈಗೆ ಕೊಡುತ್ತೇನೆ. ಅದು ಎಂದಿನಿಂದ ನನ್ನ ಬಳಿ ಇತ್ತು ಎಂಬುದನ್ನೂ ಹೇಳುತ್ತೇನೆ. ಅವಳು ಅಜ್ಜನ ಹೆಸರನ್ನು ಪೀಠದಲ್ಲಿ ಇಡಬಹುದು, ಅನ್ನ ಬಡಿಸಬಹುದು. ಬಡಿಸಬೇಕಾಗಿದ್ದವರು ನೀವು.